ಎಪ್ಪತ್ತೇಳು ಮಲೆಯ ಕಾಲುದಾರಿ

ಅರ್ಧ ಮ್ಯಾರಥಾನ್ ಎಂದರೆ ೨೧ ಕಿಲೋಮೀಟರು, ಮೇಲೆ ತೊಂಬತ್ತೇಳು ಮೀಟರು ಚಿಲ್ಲರೆ. ಹರದಾರಿಗೆ ಮೂರು ಮೈಲಿ, ನಾಲ್ಕು ಹರದಾರಿಗೆ ಒಂದು ಗಾವುದ ಎಂದು ಎಣಿಸುತ್ತಿದ್ದ ನಮ್ಮ ಹಿರಿಯರ ಲೆಕ್ಕದಲ್ಲಿ ಅದು ಒಂದು ಗಾವುದ, ಮೇಲೊಂದು ಮೈಲಿ. ಆ ಕಾಲದಲ್ಲಿ ಗಾವುದ ದೂರ ನಡೆದು ಬಂದವನಿಗೆ ಯಾರೂ ಪದಕ ತೊಡಿಸುತ್ತಿರಲಿಲ್ಲ; ಕಾಲಿಗೆ ನೀರು ಕೊಟ್ಟು ಊಟಕ್ಕೆ ಎಲೆ ಹಾಕುತ್ತಿದ್ದರು, ಅಷ್ಟೆ.

ಈಗೀಗ ನಮ್ಮ ಪಟ್ಟಣಗಳ ತರುಣರಿಗೆ ಓಟದ ಹುಚ್ಚು ಹತ್ತಿದೆ. ಒಳ್ಳೆಯ ಹುಚ್ಚೇ. ಡಾಂಬರು ರಸ್ತೆ ಸಾಲದೆ, ಕಾಲುದಾರಿಯಲ್ಲಿ, ಏರು ಇಳಿಜಾರುಗಳಲ್ಲಿ ಓಡುವ ‘ಟ್ರೇಲ್’ ಓಟವೆಂಬುದು ಬಂದಿದೆ. ಶ್ರೀರಂಗಪಟ್ಟಣದ ಬಳಿ ಕಾಲುವೆಯ ಏರಿಯ ಮೇಲೆ ೨೦೦೭ರಿಂದ ಕಾವೇರಿ ಟ್ರೇಲ್ ಮ್ಯಾರಥಾನ್ ಶುರುವಾಯಿತು. ಆಮೇಲೆ ಚಿಕ್ಕಮಗಳೂರಿನ ಕಾಫಿ ತೋಟಗಳೂ ಓಟದ ಬಯಲಾದವು. ಇನ್ನು ಕೊಳ್ಳೇಗಾಲ, ಹನೂರು, ಯಳಂದೂರುಗಳ ಸರದಿ ಎಂದು ಓಟದ ಗೆಳೆಯರು ಹೇಳುವುದನ್ನು ಕೇಳಿದ್ದೇನೆ. “ಎಂಥ ಬೆಟ್ಟಗಳು ಸ್ವಾಮಿ! ಅಲ್ಲಿ ಇನ್ನೂ ಯಾರೂ ಓಡಿಲ್ಲ” ಎನ್ನುತ್ತಾರೆ. ಈ ಕಡೆಯ ಮಾತು ನನ್ನ ಮನಸ್ಸಿನಲ್ಲಿ ಮುಳ್ಳಿನಂತೆ ನಿಂತಿತು. ಯಾರೂ ಓಡಿಲ್ಲವೆ?

ಮೊದಲು ಆ ಗ್ರೀಕ್ ಕಥೆಯನ್ನೇ ನೋಡೋಣ. ಮ್ಯಾರಥಾನಿನ ರಣರಂಗದಿಂದ ಅಥೆನ್ಸಿಗೆ ಓಡಿಬಂದು, ಗೆದ್ದೆವೆಂದು ಹೇಳಿ ಪ್ರಾಣಬಿಟ್ಟ ದೂತನ ಕಥೆ ಶಾಲೆಯ ಮಕ್ಕಳಿಗೂ ಗೊತ್ತು. ಆದರೆ ಆ ಯುದ್ಧಕ್ಕೆ ಹತ್ತಿರದ ಕಾಲದವನಾದ ಹೆರೊಡೊಟಸ್ ಇದನ್ನು ಹೇಳುವುದೇ ಇಲ್ಲ. ಅದು ಶತಮಾನಗಳ ಮೇಲೆ ಬಂದವರು ಬರೆದದ್ದು. ಹೆರೊಡೊಟಸ್ ಹೇಳುವುದು ಬೇರೆ ಓಟ. ಫಿಡಿಪ್ಪಿಡೀಸನೆಂಬ ವೃತ್ತಿಯ ಓಲೆಕಾರನು ಸಹಾಯ ಕೇಳಲು ಅಥೆನ್ಸಿನಿಂದ ಸ್ಪಾರ್ಟಕ್ಕೆ, ನೂರೈವತ್ತು ಮೈಲಿಯಷ್ಟು ಬೆಟ್ಟದ ದಾರಿಯನ್ನು ಓಡಿ ಮರುದಿನವೇ ಮುಟ್ಟಿದನಂತೆ. ನಡುವೆ ಒಂದು ಬೆಟ್ಟದ ಮೇಲೆ ಪ್ಯಾನ್ ದೇವರು ಅವನ ಹೆಸರು ಹಿಡಿದು ಕೂಗಿ ನಿಲ್ಲಿಸಿ, ನಿಮ್ಮೂರವರು ನನ್ನನ್ನೇಕೆ ಪೂಜಿಸುವುದಿಲ್ಲವೆಂದು ಕೇಳಿದನಂತೆ. ನಮ್ಮ ಕಡೆಯ ದೇವರಗುಡ್ಡರಿಗೆ ಈ ಕಥೆಯನ್ನು ಹೇಳಿದರೆ ಅವರು ಹುಬ್ಬೇರಿಸುವುದಿಲ್ಲ. ಕಾಡುದಾರಿಯಲ್ಲಿ ಅಡ್ಡನಿಂತು, ನನಗೇಕೆ ಒಕ್ಕಲಾಗಲಿಲ್ಲವೆಂದು ಕೇಳುವುದು ನಮ್ಮ ಮಾದಪ್ಪನಿಗೆ ನಿತ್ಯದ ಕೆಲಸ. ಇರಲಿ. ಓಟವೆಂಬುದು ಆಟವಾಗುವ ಮೊದಲು ಹೊಟ್ಟೆಪಾಡಿನ ಕೆಲಸವಾಗಿತ್ತೆಂಬುದು ಇಲ್ಲಿ ನಮಗೆ ಬೇಕಾದ ವಿಷಯ.

ನಮ್ಮ ಸೀಮೆಯಲ್ಲಿ ಈ ಕೆಲಸಕ್ಕೆ ಒಂದು ವಿಚಿತ್ರ ಚರಿತ್ರೆಯಿದೆ. ಯಳಂದೂರಿನಿಂದ ಮಾಂಬಳ್ಳಿಯ ಮೇಲೆ ಕೊಳ್ಳೇಗಾಲಕ್ಕೆ ಹತ್ತೇ ಮೈಲಿ. ಆದರೆ ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದು ಟಿಪ್ಪುವಿನ ರಾಜ್ಯ ಹಂಚಿಹೋದಾಗ ಕೊಳ್ಳೇಗಾಲ ಕುಂಪಣಿಯವರ ಪಾಲಾಗಿ ಕೊಯಮತ್ತೂರು ಜಿಲ್ಲೆಗೆ ಸೇರಿತು. ಯಳಂದೂರು ಮೈಸೂರಿನಲ್ಲೇ ಉಳಿದು, ೧೮೦೭ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಯಿತು. ಎರಡೂ ಕಡೆ ಒಂದೇ ಕನ್ನಡ, ಒಂದೇ ರಾಗಿಮುದ್ದೆ, ಒಂದೇ ಮಾದಪ್ಪ. ಸರ್ಕಾರ ಮಾತ್ರ ಎರಡು. ೧೯೫೬ರ ನವೆಂಬರ್ ೧ರವರೆಗೆ, ಅಂದರೆ ನೂರೈವತ್ತೇಳು ವರ್ಷ, ಹೀಗೆಯೇ ನಡೆಯಿತು. ನಮ್ಮ ಮನೆಯಲ್ಲಿ ಮುದುಕಿಯರು ಕಡೆಯತನಕ “ಕೊಯಮತ್ತೂರು ಸೀಮೆ” ಎಂದೇ ಅನ್ನುತ್ತಿದ್ದರು.

ಎರಡು ಸರ್ಕಾರವಿದ್ದ ಮೇಲೆ ಎರಡು ಅಂಚೆ. ಮೈಸೂರಿನ ಅಂಚೆ ಚಿಕ್ಕದೇವರಾಜ ಒಡೆಯರ ಕಾಲದ್ದು. ೧೭ನೆಯ ಶತಮಾನದಲ್ಲೇ ಏರ್ಪಾಡಾದದ್ದು. ಕಾಗದದ ಜೊತೆಗೆ ರಾಜ್ಯದ ಗುಟ್ಟುಗಳನ್ನೂ ಅದು ಅರಮನೆಗೆ ಒಯ್ಯುತ್ತಿತ್ತೆಂಬುದು ಪ್ರಸಿದ್ಧವಾಗಿದೆ. ೧೮೮೯ರಲ್ಲಿ ಅದು ಬ್ರಿಟಿಷ್ ಅಂಚೆಯಲ್ಲಿ ಸೇರಿಹೋಗುವವರೆಗೆ ಯಳಂದೂರಿನ ಕಾಗದ ಮೈಸೂರು ಹರಿಕಾರನ ಹೆಗಲ ಮೇಲೆ, ಕೊಳ್ಳೇಗಾಲದ ಕಾಗದ ಬ್ರಿಟಿಷ್ ತಪಾಲಿನವನ ಹೆಗಲ ಮೇಲೆ. ಕೈಯಲ್ಲಿ ಈಟಿ, ಈಟಿಗೆ ಗೆಜ್ಜೆ, ಬೆನ್ನಿಗೆ ಚೀಲ. ಗೆಜ್ಜೆ ಅಲಂಕಾರಕ್ಕಲ್ಲ: ಹುಲಿ ಚಿರತೆಗಳು ದೂರ ಸರಿಯಲೆಂದು, ಮುಂದಿನ ಕಟ್ಟೆಯವನು ಎದ್ದು ಸೊಂಟ ಬಿಗಿಯಲೆಂದು. ಐದಾರು ಮೈಲಿಗೊಬ್ಬನಂತೆ ಚೀಲ ಕೈ ಬದಲಾಗುತ್ತಿತ್ತು. ಇಂದಿನ ಓಟಗಾರನ ಕೈಗಡಿಯಾರ ಅವನಿಗೆ ವೇಗವನ್ನು ತೋರಿಸುತ್ತದೆ. ಆ ಬಡಪಾಯಿಗೆ ಗಡಿಯಾರ ಇದ್ದದ್ದು ಅಂಚೆಮನೆಯ ಗೋಡೆಯ ಮೇಲೆ.

ಓಟಗಾರರ ಕಣ್ಣು ಈಗ ಬಿದ್ದಿರುವುದು ಬೆಟ್ಟದ ದಾರಿಗಳ ಮೇಲೆ. ಅವು ಇನ್ನೂ ಹಳೆಯವು. ಕೊಳ್ಳೇಗಾಲದಿಂದ ಹನೂರು, ಕೌದಳ್ಳಿಗಳ ಮೇಲೆ ಹಾದು ಕಣಿವೆಯಿಳಿದು ಕಾವೇರಿಪುರ ಸೇರುವ ದಾರಿ ಮೈಸೂರಿನ ಎತ್ತರದಿಂದ ತಮಿಳುಸೀಮೆಯ ಬಯಲಿಗೆ ಇಳಿಯುವ ಘಟ್ಟದಾರಿಗಳಲ್ಲೊಂದು. ಇದರಲ್ಲಿ ಸೈನ್ಯಗಳು ಹೋಗಿವೆ, ಎತ್ತಿನ ಹೇರುಗಳು ಹೋಗಿವೆ. ೧೮೦೦ರಲ್ಲಿ, ಗೆದ್ದುಕೊಂಡ ನಾಡಿನ ಬೆಳೆ ಬದುಕುಗಳ ವರದಿ ಬರೆಯಲು ವೆಲ್ಲೆಸ್ಲಿ ಕಳಿಸಿದ ವೈದ್ಯ ಫ್ರಾನ್ಸಿಸ್ ಬುಕಾನನ್ ಇದೇ ದಾರಿ ಹಿಡಿದು ಇಳಿದ. ೧೮೦೭ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವನ ಪುಸ್ತಕದಲ್ಲಿ ಹನೂರು, ಕೌದಳ್ಳಿಗಳ ಹೆಸರು ಇಂಗ್ಲಿಷರ ನಾಲಗೆಗೆ ಸಿಕ್ಕಿ ನಜ್ಜುಗುಜ್ಜಾಗಿದ್ದರೂ ಗುರುತು ಸಿಗುತ್ತವೆ. ಒಂದೊಂದು ದಿನಕ್ಕೆ ಒಂದೊಂದು ಮಜಲು. ಮಣ್ಣು ಎಂಥದು, ಕೆರೆ ಒಡೆದಿದೆಯೋ ಇದೆಯೋ, ಜನ ಎಷ್ಟು ಉಳಿದಿದ್ದಾರೆ, ಎಲ್ಲವನ್ನೂ ಅವನು ಬರೆದ. ಅವನ ಡೇರೆ ಪೆಟ್ಟಿಗೆಗಳು ಘಟ್ಟ ಇಳಿದದ್ದು ಯಾರ ಹೆಗಲ ಮೇಲೆ, ಯಾವ ದನದ ಬೆನ್ನ ಮೇಲೆ ಎಂಬುದಕ್ಕೆ ಚರಿತ್ರೆ ಅಷ್ಟು ಗಮನ ಕೊಡುವುದಿಲ್ಲ. ೧೯೩೪ರಲ್ಲಿ ಮೆಟ್ಟೂರಿನ ಕಟ್ಟೆ ಮುಗಿದ ಮೇಲೆ ಕಾವೇರಿಪುರದ ಕಡೆಯ ತಗ್ಗಿನಲ್ಲಿ ನೀರು ನಿಂತಿತು. ಘಟ್ಟದಾರಿಯ ಹಳೆಯ ಮಹತ್ವವೂ ತೀರಿತು.

ತೀರದೆ ಉಳಿದದ್ದು ಮಾದಪ್ಪನ ದಾರಿ. ಶಿವರಾತ್ರಿ, ಯುಗಾದಿ, ದೀಪಾವಳಿಗಳಲ್ಲಿ ಮಲೆಯ ಮಹದೇಶ್ವರನಿಗೆ ನಡೆದು ಬರುವ ಜನರನ್ನು ಕಂಡವರೇ ಕಾಣಬೇಕು. ಬೆಂಗಳೂರು, ರಾಮನಗರ, ಕನಕಪುರದ ಕಡೆಯವರು ಸಂಗಮದ ಹತ್ತಿರ ಕಾವೇರಿಯನ್ನು ದಾಟಿ ಕಾಡಿನೊಳಗೆ ಬಿದ್ದು ಶಾಗ್ಯದ ಕಡೆ ಹೊರಬರುತ್ತಾರೆ. ಮಂಡ್ಯ ಮೈಸೂರಿನವರು ಕೊಳ್ಳೇಗಾಲ ಹನೂರುಗಳ ಮೇಲೆ ಬರುತ್ತಾರೆ. ಎಲ್ಲರೂ ಸೇರುವುದು ತಾಳುಬೆಟ್ಟದಲ್ಲಿ. ಅಲ್ಲಿಂದ ಗುಡಿಗೆ ರಸ್ತೆಯ ಲೆಕ್ಕದಲ್ಲಿ ಸುಮಾರು ೧೮ ಕಿಲೋಮೀಟರು. ಇನ್ನು ಮೂರು ಸೇರಿಸಿದರೆ ಓಟಗಾರರ ಅರ್ಧ ಮ್ಯಾರಥಾನು. ಹಾಗೆ ನೋಡಿದರೆ, ವರ್ಷಕ್ಕೆ ಮೂರು ಸಲ, ನೂರಾರು ವರ್ಷಗಳಿಂದ, ಸಹಸ್ರಾರು ಮಂದಿ ಈ ಓಟವನ್ನು ನಡೆದು ಮುಗಿಸಿದ್ದಾರೆ. ಅವರಲ್ಲಿ ಮೊದಲು ಬಂದವನು ಯಾರೆಂದು ಕೇಳುವವರಿಲ್ಲ.

ನಾನೂ ಹರೆಯದಲ್ಲಿ ಒಂದು ಶಿವರಾತ್ರಿ ಆ ದಾರಿಯನ್ನು ಹತ್ತಿದ್ದೇನೆ. ಏರಿನಲ್ಲಿ ಕಷ್ಟಪಡುವುದು ಎದೆ, ಇಳಿಜಾರಿನಲ್ಲಿ ತೊಡೆ. ಇದು ಬೆಟ್ಟದಲ್ಲಿ ಓಡಿದವರಿಗೆಲ್ಲ ತಿಳಿದದ್ದೇ. ನನಗೆ ಹೊಸದಾಗಿ ತಿಳಿದದ್ದು ಆ ಕೂಗಿನ ಉಪಯೋಗ. ಗುಂಪಿನಲ್ಲಿ ಒಬ್ಬ “ಉಘೇ” ಎನ್ನುತ್ತಾನೆ. ಉಳಿದವರು “ಉಘೇ ಮಾದಪ್ಪ” ಎಂದು ಉಸಿರೆಲ್ಲ ಹೊರಹಾಕುತ್ತಾರೆ. ಉಸಿರು ಪೂರ ಹೊರಗೆ ಹೋದ ಮೇಲೆ ಒಳಗೆ ತಾನೇ ತುಂಬಿ ಬರುತ್ತದೆ. ಇಂದಿನ ತರಬೇತಿಯ ಪುಸ್ತಕಗಳಲ್ಲಿ ಹೆಜ್ಜೆಗೂ ಉಸಿರಿಗೂ ಲಯ ಕೂಡಿಸಬೇಕೆಂದು ಬರೆದಿರುತ್ತಾರೆ. ನನ್ನ ಮುಂದೆ ಹೋಗುತ್ತಿದ್ದ ಮುದುಕಿ ತಲೆಯ ಮೇಲೆ ಗಂಟು ಹೊತ್ತು ಈ ಲಯದಲ್ಲೇ ಹತ್ತಿದಳು. ನನ್ನ ಕಾಲಲ್ಲಿ ಕ್ಯಾನ್ವಾಸ್ ಜೋಡು, ಅವಳದು ಬರಿಗಾಲು. ಆನೆತಲೆದಿಂಬ ಬರುವಷ್ಟರಲ್ಲಿ ಅವಳು ಕಣ್ಣಿಗೆ ಕಾಣುತ್ತಿರಲಿಲ್ಲ.

ಹೆಂಗಸರ ಮಾತು ಬಂತು. ಒಂದು ವಿಷಯ ಹೇಳಿಬಿಡುತ್ತೇನೆ. ದೀಪಾವಳಿಯ ಸಮಯದಲ್ಲಿ ಬೆಟ್ಟದಲ್ಲಿ ಹಾಲರವಿ ಉತ್ಸವ ನಡೆಯುತ್ತದೆ. ಗುಡಿಯ ಪೂಜೆ ನಡೆಸುವ ಬೇಡಗಂಪಣ ಕುಲದ ನೂರೊಂದು ಹೆಣ್ಣುಮಕ್ಕಳು ಉಪವಾಸವಿದ್ದು, ಕಾಡಿನ ಹಳ್ಳದಿಂದ ಕೊಡದಲ್ಲಿ ನೀರು ತುಂಬಿ ತಲೆಯ ಮೇಲಿಟ್ಟು ಬರಿಗಾಲಲ್ಲಿ ಮೈಲಿಗಟ್ಟಲೆ ನಡೆದು ದೇವರ ಅಭಿಷೇಕಕ್ಕೆ ತರುತ್ತಾರೆ. ಎಲ್ಲರೂ ಎಳೆಯ ಹುಡುಗಿಯರು. ಒಲಿಂಪಿಕ್ ಕ್ರೀಡೆಯಲ್ಲಿ ಹೆಂಗಸರಿಗೆ ಮ್ಯಾರಥಾನ್ ಓಟವನ್ನು ಇಟ್ಟದ್ದು ೧೯೮೪ರಲ್ಲಿ. ಅಲ್ಲಿಯವರೆಗೆ ಹೆಣ್ಣಿನ ಮೈ ಅಷ್ಟು ದೂರವನ್ನು ತಾಳದೆಂದು ಪಂಡಿತರು ವಾದಿಸುತ್ತಿದ್ದರು. ಆ ಪಂಡಿತರನ್ನು ಯಾರಾದರೂ ಒಂದು ದೀಪಾವಳಿಗೆ ನಮ್ಮ ಬೆಟ್ಟಕ್ಕೆ ಕರೆತಂದಿದ್ದರೆ ಚೆನ್ನಾಗಿತ್ತು.

ಈ ಸೀಮೆಯ ಎರಡು ಬೆಟ್ಟದ ದೇವರುಗಳಿಗೂ ಪಾದರಕ್ಷೆಯ ಕಥೆ ಅಂಟಿಕೊಂಡಿರುವುದನ್ನು ವಾಚಕರು ಗಮನಿಸಬೇಕು. ದೇವತೆಗಳನ್ನೆಲ್ಲ ಸೆರೆಹಿಡಿದು ದುಡಿಸಿಕೊಂಡ ಶ್ರವಣಾಸುರನನ್ನು ಮಾದಪ್ಪ ಕೊಂದದ್ದು ಕತ್ತಿಯಿಂದಲ್ಲ. ಹರಳಯ್ಯನಿಂದ ಅರಗಿನ ಪಾದರಕ್ಷೆ ಮಾಡಿಸಿ, ಅದನ್ನು ಮೆಟ್ಟಿಸಿ ಅಸುರನನ್ನು ಸುಟ್ಟನೆಂದು ಕಂಸಾಳೆಯವರು ರಾತ್ರಿಯೆಲ್ಲ ಹಾಡುತ್ತಾರೆ. ಯಳಂದೂರಿನ ಕಡೆಯ ಬಿಳಿಗಿರಿರಂಗನ ವೃತ್ತಾಂತ ಬೇರೆ. ರಂಗಪ್ಪ ರಾತ್ರಿ ಹೊತ್ತು ಕಾಡೆಲ್ಲ ತಿರುಗುತ್ತಾನೆ. ಆದ್ದರಿಂದ ಅವನ ಮೆಟ್ಟು ಸವೆಯುತ್ತದೆ. ಎರಡು ವರ್ಷಕ್ಕೊಮ್ಮೆ ಬೂದಿತಿಟ್ಟಿನ ಭಕ್ತರು ಒಂದು ಮೊಳಕ್ಕೂ ಉದ್ದವಾದ ಚರ್ಮದ ಪಾದುಕೆಗಳನ್ನು ಹೊಲಿದು ತಂದು ಒಪ್ಪಿಸುತ್ತಾರೆ. ಗುಡಿಯ ಹೊಸಲಲ್ಲಿ ಮೆಟ್ಟು ಕಳಚಿ ಒಳಗೆ ಹೋಗುವ ನಮಗೆ ಮೆಟ್ಟನ್ನೇ ಹಣೆಗೆ ಮುಟ್ಟಿಸಿ ಆಶೀರ್ವದಿಸುವ ದೇವರು ಇವನು. ಒಂದು ಕಡೆ ಹರಳಯ್ಯ, ಇನ್ನೊಂದು ಕಡೆ ಬೂದಿತಿಟ್ಟಿನವರು: ಬೆಟ್ಟದ ದಾರಿಯಲ್ಲಿ ಜೋಡು ಹೊಲಿಯುವವನ ಕೈಯಿಲ್ಲದೆ ದೇವರಿಗೂ ನಡೆಯದು ಎಂಬುದನ್ನು ಈ ಸೀಮೆಯವರು ಮೊದಲೇ ಒಪ್ಪಿಕೊಂಡುಬಿಟ್ಟಿದ್ದಾರೆ.

ಯಳಂದೂರಿನಿಂದ ಗುಂಬಳ್ಳಿಯ ಮೇಲೆ ಬಿಳಿಗಿರಿಗೆ ಹೋಗುವ ದಾರಿ ಹದಿನೈದು ಮೈಲಿ. ಏರಿನ ಮೇಲೆ ಏರು. ಈ ಕಾಡಿನ ನಿಜವಾದ ಓಟಗಾರರು ಸೋಲಿಗರು. ರಂಗಪ್ಪ ಸೋಲಿಗರ ಕುಸುಮಾಲೆಯನ್ನು ಮದುವೆಯಾದನಾಗಿ ಅವನು ಅವರಿಗೆ ಭಾವ. ಜಿ. ಪಿ. ಸ್ಯಾಂಡರ್ಸನ್ ಎಂಬ ಇಂಗ್ಲಿಷ್ ಅಧಿಕಾರಿ ಇದೇ ಬೆಟ್ಟದ ಬುಡದಲ್ಲಿ ೧೮೭೦ರ ದಶಕದಲ್ಲಿ ಮೈಸೂರಿನ ಖೆಡ್ಡಾಗಳನ್ನು ನಡೆಸಿ, ೧೮೭೮ರಲ್ಲಿ ತನ್ನ ಹದಿಮೂರು ವರ್ಷದ ಬೇಟೆಯ ಅನುಭವಗಳನ್ನು ದೊಡ್ಡ ಪುಸ್ತಕವಾಗಿ ಅಚ್ಚು ಹಾಕಿಸಿದ. ಆನೆಯ ಜಾಡು ಹಿಡಿದು ಕಲ್ಲು ಮುಳ್ಳಿನಲ್ಲಿ ದಿನಗಟ್ಟಲೆ ಮುಂದೆ ಮುಂದೆ ಹೋದವರು ಈ ಕಾಡಿನ ಜನ. ದೊರೆಯ ಕೋವಿ ಅವರ ಕಾಲಿನ ಹಿಂದೆ ಹೋಯಿತು. ಸ್ಯಾಂಡರ್ಸನ್ ಅವರನ್ನು ಮೆಚ್ಚಿ ಬರೆದಿದ್ದಾನೆಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು.

ಆಮೇಲೆ ಕಾಡು ಕಾನೂನಿನೊಳಗೆ ಹೋಯಿತು. ಕೊಳ್ಳೇಗಾಲದ ಮಲೆಗಳಿಗೆ ೧೮೮೨ರ ಮದರಾಸು ಅರಣ್ಯ ಶಾಸನ ಬಂತು. ಬಿಳಿಗಿರಿಯ ಕಾಡು ೧೯೭೪ರಲ್ಲಿ ವನ್ಯಜೀವಿಧಾಮವಾಯಿತು. ಪೋಡುಗಳಲ್ಲಿದ್ದ ಸೋಲಿಗರನ್ನು ಎಬ್ಬಿಸಿ ಅಂಚಿಗೆ ತಂದರು. ಬೇಸಿಗೆಯ ಮೊದಲಲ್ಲಿ ಉದುರೆಲೆಗೆ ಅವರು ಹಾಕುತ್ತಿದ್ದ ಸಣ್ಣ ಕಿಚ್ಚು, ಅಂದರೆ ತರಗುಬೆಂಕಿ, ನಿಂತಿತು. ಅದು ನಿಂತ ಮೇಲೆ ಲಂಟಾನ ಹಬ್ಬಿತೆಂದು ಸೋಲಿಗರು ಹೇಳುತ್ತಾರೆ. ಆ ಕಾಡನ್ನು ಅಭ್ಯಾಸ ಮಾಡಿದ ವಿಜ್ಞಾನಿಗಳಲ್ಲಿಯೂ ಕೆಲವರು ಇದಕ್ಕೆ ತಲೆದೂಗಿದ್ದಾರೆ. ಎರಡು ಆಳೆತ್ತರದ ಆ ಪೊದೆ ಹಳೆಯ ಕಾಲುದಾರಿಗಳನ್ನು ನುಂಗಿಬಿಟ್ಟಿದೆ. ಓಟಕ್ಕೆ ದಾರಿ ಹುಡುಕುವವರಿಗೆ ನಾನು ಹೇಳುವುದಿಷ್ಟು: ನಕ್ಷೆಯಲ್ಲಿಲ್ಲದ ದಾರಿಗಳು ಸೋಲಿಗ ಮುದುಕರ ನೆನಪಿನಲ್ಲಿವೆ, ಲಂಟಾನದ ಅಡಿಯಲ್ಲಿವೆ. ೨೦೧೧ರ ಜನವರಿಯಲ್ಲಿ ಇದು ಹುಲಿ ರಕ್ಷಿತಾರಣ್ಯವಾಯಿತು. ಅದೇ ವರ್ಷ ಸೋಲಿಗರ ಗ್ರಾಮಸಭೆಗಳಿಗೆ ಅರಣ್ಯಹಕ್ಕು ಕಾಯಿದೆಯಂತೆ ಸಮುದಾಯದ ಹಕ್ಕೂ ದೊರೆಯಿತು. ಹುಲಿಗಳಿಗೆಂದು ಮೀಸಲಾದ ಕಾಡಿನಲ್ಲಿ ಇಂಥ ಹಕ್ಕು ದೇಶದಲ್ಲಿ ಮೊದಲು ಸಿಕ್ಕಿದ್ದು ಇಲ್ಲಿ. ಜೇನು, ನೆಲ್ಲಿ, ಪಾಚಿ ತರುವುದಕ್ಕೆ ಕಾಡಿನಲ್ಲಿ ನಡೆಯುವುದು ಈಗ ಅವರಿಗೆ ಕಾಗದದ ಮೇಲೂ ಹಕ್ಕು. ಕಾಲಿನ ಚರಿತ್ರೆಯಲ್ಲಿ ಇದೇನು ಸಣ್ಣ ಘಟನೆಯಲ್ಲ.

ಬರಿಗಾಲ ಓಟವನ್ನು ಲೋಕ ಕಂಡ ಬಗೆಯನ್ನು ಇಲ್ಲಿ ಹೇಳಬಹುದು. ೧೯೧೯ರಲ್ಲಿ ಪುಣೆಯ ಡೆಕ್ಕನ್ ಜಿಮ್ಖಾನಾದ ಕ್ರೀಡೆಗಳಿಗೆ ಹೋಗಿದ್ದ ಸರ್ ದೊರಾಬ್ಜಿ ತಾತಾ ಅವರು, ಹಳ್ಳಿಯ ರೈತರ ಮಕ್ಕಳು ಜೋಡಿಲ್ಲದೆ ದೂರದ ಓಟ ಓಡುವುದನ್ನು ಕಂಡು ಬೆರಗಾಗಿ ಅವರನ್ನು ಒಲಿಂಪಿಕ್ಕಿಗೆ ಕಳಿಸುವ ಹಟ ತೊಟ್ಟರು. ಹಾಗೆ ೧೯೨೦ರಲ್ಲಿ ಆಂಟ್ವರ್ಪಿಗೆ ಹೋದವರಲ್ಲಿ ನಮ್ಮ ಬೆಳಗಾವಿಯ ಫಡೆಪ್ಪ ಚೌಗುಲೆ ಒಬ್ಬರು. ಮ್ಯಾರಥಾನಿನಲ್ಲಿ ಅವರು ಎರಡು ಗಂಟೆ ಐವತ್ತು ನಿಮಿಷದಲ್ಲಿ ಗುರಿಮುಟ್ಟಿ ಹತ್ತೊಂಬತ್ತನೆಯವರಾದರು. ಕೊಳ್ಳೇಗಾಲದ ಸೀಮೆಗೆ ಅಂಥ ತಾತಾ ಯಾರೂ ಬರಲಿಲ್ಲ. ಬಂದಿದ್ದರೆ ಯಾವ ಹರಿಕಾರನ ಮಗ, ಯಾವ ಸೋಲಿಗ ಹಡಗು ಹತ್ತುತ್ತಿದ್ದನೋ.

ಹಾಗಾದರೆ ಈ ಬೆಟ್ಟಗಳಲ್ಲಿ ಓಟದ ಆಟ ಇಷ್ಟು ತಡವಾಗಿ ಬಂದದ್ದೇಕೆ? ಇದಕ್ಕೆ ಉತ್ತರ ದೂರವಿಲ್ಲ. ವೀರಪ್ಪನ್ನಿನ ಕಾಲದಲ್ಲಿ ಇಲ್ಲಿ ಕಾಲಿಗೆ ಭಯದ ಬೇಡಿ ಬಿದ್ದಿತ್ತು. ೧೯೯೧ರ ನವೆಂಬರಿನಲ್ಲಿ ಅರಣ್ಯಾಧಿಕಾರಿ ಪಿ. ಶ್ರೀನಿವಾಸರು ಅವನು ಶರಣಾಗುವನೆಂದು ನಂಬಿ, ಆಯುಧವಿಲ್ಲದೆ ಕಾಡುದಾರಿಯಲ್ಲಿ ನಡೆದುಹೋಗಿ ಕೊಲೆಯಾದರು. ಅದಕ್ಕೆ ಮುಂಚೆ ಗೋಪಿನಾಥದಲ್ಲಿ ಔಷಧಾಲಯ ನಡೆಸಿ ಮಾರಿಗುಡಿ ಕಟ್ಟಿಸಿದ್ದ ಮನುಷ್ಯ. ಅವರನ್ನು ಅಲ್ಲಿಯವರು ಇಂದಿಗೂ ನೆನೆಯುತ್ತಾರೆ. ೧೯೯೨ರಲ್ಲಿ ರಾಮಾಪುರದ ಪೋಲೀಸು ಠಾಣೆಯ ಮೇಲೆ ದಾಳಿ, ಮೀಣ್ಯದ ಹೊಂಚು. ೧೯೯೩ರ ಏಪ್ರಿಲಿನಲ್ಲಿ ಪಾಲಾರಿನ ನೆಲಬಾಂಬು, ಇಪ್ಪತ್ತೆರಡು ಸಾವು. ೨೦೦೨ರಲ್ಲಿ ಮಾಜಿ ಮಂತ್ರಿ ನಾಗಪ್ಪನವರನ್ನು ಕಾಮಗೆರೆಯ ಮನೆಯಿಂದಲೇ ಹೊತ್ತೊಯ್ದರು; ಡಿಸೆಂಬರಿನಲ್ಲಿ ಹೆಣ ಸಿಕ್ಕಿತು. ೨೦೦೪ರ ಅಕ್ಟೋಬರ್ ೧೮ರಂದು ಅವನು ಸತ್ತ ಸುದ್ದಿ ಬರುವವರೆಗೆ ಸೌದೆಗೆ ಹೋದ ಹಳ್ಳಿಯವನೂ ಎರಡು ಕಡೆಗೆ ಉತ್ತರ ಹೇಳಬೇಕಾಗಿತ್ತು: ಕಾಡಿನವನು ಕೇಳಿದರೆ ನೀನು ಪೋಲೀಸಿನವನೇ, ಪೋಲೀಸಿನವನು ಕೇಳಿದರೆ ನೀನು ಕಾಡಿನವನ ಕಡೆಯೇ. ಅಂಥ ದಿನಗಳಲ್ಲಿ ಬಣ್ಣದ ಅಂಗಿ ತೊಟ್ಟು ಹಸಿರಿನ ನಡುವೆ ಓಡುವ ಹುಮ್ಮಸ್ಸು ಯಾರಿಗೆ ಬಂದೀತು? ಮಾದಪ್ಪನ ಪರಿಷೆ ಮಾತ್ರ ಆಗಲೂ ನಿಲ್ಲಲಿಲ್ಲ.

ಈಗ ದಾರಿ ತೆರೆದಿದೆ, ಗೇಟುಗಳೂ ಇವೆ. ಮಲೆ ಮಹದೇಶ್ವರ ವನ್ಯಜೀವಿಧಾಮ ೨೦೧೩ರಲ್ಲಿ ಆಯಿತು. ಅರಣ್ಯ ಇಲಾಖೆಯ ಅಪ್ಪಣೆಯಿಲ್ಲದೆ ಕಾಡಿನೊಳಗೆ ಹೋಗುವಂತಿಲ್ಲ, ಅದು ಇರಬೇಕಾದದ್ದೇ. ಆನೆಗೆ ಓಟಗಾರನೆಂದೂ ಕಳ್ಳಬೇಟೆಗಾರನೆಂದೂ ಭೇದವಿಲ್ಲ. ಫೆಬ್ರವರಿಯಿಂದ ಕಾಳ್ಗಿಚ್ಚಿನ ಹೆದರಿಕೆ, ಜೂನಿನ ಮೇಲೆ ಮಳೆ. ಉಳಿದ ನಾಲ್ಕಾರು ತಿಂಗಳಲ್ಲೂ ದೀಪಾವಳಿಯ ಜನ. ಓಟವನ್ನು ಏರ್ಪಡಿಸುವವರು ಇದನ್ನೆಲ್ಲ ಲೆಕ್ಕ ಹಾಕಿಕೊಳ್ಳಬಲ್ಲರು. ಅವರು ಲೆಕ್ಕಕ್ಕೆ ತೆಗೆದುಕೊಳ್ಳದಿರುವುದೆಂದು ನನಗೆ ಅಳುಕಿರುವುದು ಬೇರೆಯದನ್ನು.

ಬೆಟ್ಟದ ಮೇಲಿನ ಗುಡಿಯಿಂದ ನಾಗಮಲೆಯ ಕಡೆಗೆ ಹೋಗುವ ಕಾಲುದಾರಿಯಲ್ಲಿ ಇಂಡಿಗನತ್ತವಿದೆ. ಆಸುಪಾಸಿನಲ್ಲಿ ಮೆಂದಾರೆ, ತುಳಸಿಕೆರೆ, ಪಡಸಲನತ್ತ, ದೊಡ್ಡಾಣೆ, ತೋಕೆರೆ. ಕಲ್ಲಿನ ಏರು, ಕಣಿವೆ, ಒಂದು ಕಡೆಯಿಂದ ಕಾವೇರಿಯ ಮಿಂಚು: ಬೆಟ್ಟದ ಓಟಕ್ಕೆ ಇದಕ್ಕಿಂತ ಒಳ್ಳೆಯ ದಾರಿಯನ್ನು ಬ್ರಹ್ಮನೂ ಮಾಡಲಾರ. ಓಟಗಾರ ‘ಟ್ರೇಲ್’ ಎಂದು ಕರೆಯುವ ಇದನ್ನು ಆ ಊರಿನವರು ದಾರಿ ಎನ್ನುತ್ತಾರೆ. ಅವರಿಗೆ ಬೇರೆ ದಾರಿ ಇಲ್ಲ. ರೇಷನ್ನಿನ ಅಕ್ಕಿ ಇದರಲ್ಲೇ ಬರಬೇಕು, ಮಕ್ಕಳು ಇದರಲ್ಲೇ ಶಾಲೆಗೆ ಹೋಗಬೇಕು. ೨೦೨೪ರ ಏಪ್ರಿಲ್ ೨೬ರಂದು ಲೋಕಸಭೆಯ ಚುನಾವಣೆಯ ದಿನ ಇಂಡಿಗನತ್ತದವರು ರಸ್ತೆಯಿಲ್ಲ, ನೀರಿಲ್ಲ, ಕರೆಂಟಿಲ್ಲವೆಂದು ಓಟು ಹಾಕಲೊಲ್ಲೆವೆಂದರು. ಗಲಾಟೆಯಾಗಿ ಮತಗಟ್ಟೆ ಪುಡಿಯಾಯಿತು, ಜನ ಜೈಲು ಕಂಡರು, ಮೂರು ದಿನದ ಮೇಲೆ ಮರುಮತದಾನವಾಯಿತು. ‘ಓಟ’ಕ್ಕೂ ‘ಓಟಿ’ಗೂ ನಮ್ಮ ಭಾಷೆಯಲ್ಲಿ ಒಂದು ಕೊಂಬು ಕಾಲಿನಷ್ಟೇ ವ್ಯತ್ಯಾಸ, ಆ ಊರಿನಲ್ಲಿ ಎರಡೂ ಒಂದೇ ದಾರಿಯ ಮೇಲೆ ಬಂದು ನಿಂತಿವೆ.

ಆ ಹಳ್ಳಿಗಳಲ್ಲಿ ಈಗಲೂ ಒಂದು ಬಗೆಯ ಓಟವುಂಟು. ಬಸುರಿಗೆ ನೋವು ಶುರುವಾದಾಗ, ಯಾರಿಗಾದರೂ ಹಾವು ಕಚ್ಚಿದಾಗ, ಜೀಪು ಸಿಗದಿದ್ದರೆ ಗಳುವಿಗೆ ಬಟ್ಟೆ ಕಟ್ಟಿ ಡೋಲಿ ಮಾಡಿ ಹೊರಡುತ್ತಾರೆ. ಹೊರುವವರ ಜೊತೆಗೆ ಹೆಗಲು ಬದಲಿಸುವವರು, ಮುಂದೆ ಒಬ್ಬ, ರಾತ್ರಿಯಾದರೆ ಅವನ ಕೈಯಲ್ಲಿ ಬ್ಯಾಟರಿ. ಏರಿನಲ್ಲಿ ನಡಿಗೆ, ಸಮನೆಲದಲ್ಲಿ ಬಿರುಸು ಹೆಜ್ಜೆ. ಇಳಿಜಾರಿನಲ್ಲಿ ಓಡುವುದಿಲ್ಲ, ಒಳಗಿರುವವಳು ಕುಲುಕಬಾರದೆಂದು.